ಫ್ರಾಟರ್ನಿಟಿ ಹೇಜಿಂಗ್: ದೇಹಕ್ಕೆ ಏನಾಗುತ್ತದೆ, ಯಾವಾಗ ಕರೆ ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಿಮ್ಮ ಎದುರಿಗೆ ಈಗಲೇ ಯಾರಾದರೂ ಕುಡಿದು ಎಚ್ಚರ ತಪ್ಪಿ ಬಿದ್ದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಅಮೆರಿಕದಲ್ಲಿದ್ದರೆ 911ಕ್ಕೆ, ಭಾರತದಲ್ಲಿದ್ದರೆ 108 ಅಥವಾ 112ಕ್ಕೆ ಕರೆ ಮಾಡಿ. ಉಳಿದದ್ದನ್ನು ಆಮೇಲೆ ಓದಬಹುದು.

ಅಮೆರಿಕದಲ್ಲಿ ಬೆಳೆದ ಕನ್ನಡದ ಮಕ್ಕಳು ಹದಿನೆಂಟು ತುಂಬುವ ಹೊತ್ತಿಗೆ ಮನೆ ಬಿಟ್ಟು ಕಾಲೇಜಿಗೆ ಹೋಗುತ್ತಾರೆ. ಅಪ್ಪ ಅಮ್ಮ ಓದಿದ್ದು ಮೈಸೂರಿನಲ್ಲೋ, ದಾವಣಗೆರೆಯಲ್ಲೋ, ಸುರತ್ಕಲ್‌ನಲ್ಲೋ. ಅವರಿಗೆ ರ‍್ಯಾಗಿಂಗ್ ಗೊತ್ತು, ಫ್ರಾಟರ್ನಿಟಿ ಗೊತ್ತಿಲ್ಲ. ಈ ಪುಟ ಮುಖ್ಯವಾಗಿ ಅವರಿಗಾಗಿ. ಕಾಲೇಜಿಗೆ ಹೊರಟ ಮಕ್ಕಳು ಜೊತೆಗೆ ಕೂತು ಓದಿದರೆ ಇನ್ನೂ ಒಳ್ಳೆಯದು.

ಫ್ರಾಟರ್ನಿಟಿ ಅಂದರೆ ಏನು? ಅದರಲ್ಲಿ ಹೇಜಿಂಗ್ ಎಲ್ಲಿಂದ ಬರುತ್ತದೆ?

ಅಮೆರಿಕದ ಕಾಲೇಜುಗಳಲ್ಲಿ ಹುಡುಗರು ಕಟ್ಟಿಕೊಂಡಿರುವ ಸಂಘಗಳಿವೆ. ಹೆಚ್ಚಿನವಕ್ಕೆ ಗ್ರೀಕ್ ಅಕ್ಷರಗಳ ಹೆಸರು. ಹಲವಕ್ಕೆ ಸ್ವಂತ ಮನೆ ಇರುತ್ತದೆ, ಸದಸ್ಯರು ಅಲ್ಲೇ ಇರುತ್ತಾರೆ. ಹುಡುಗಿಯರ ಸಂಘಕ್ಕೆ ಸೊರೋರಿಟಿ ಎನ್ನುತ್ತಾರೆ. ಸೇರಲು ಬಂದ ಹೊಸಬನನ್ನು ಪ್ಲೆಡ್ಜ್ ಎಂದು ಕರೆಯುತ್ತಾರೆ. ಕೆಲವು ವಾರ ಅವನು ಹಳಬರು ಹೇಳಿದ್ದನ್ನೆಲ್ಲ ಮಾಡಬೇಕು. ಆ ಅವಧಿಯಲ್ಲಿ ನಡೆಯುವ ಕುಡಿಸುವುದು, ಹೊಡೆಯುವುದು, ನಿದ್ದೆ ಕೆಡಿಸುವುದು, ಅವಮಾನ ಮಾಡುವುದು ಇವೆಲ್ಲ ಸೇರಿ ಹೇಜಿಂಗ್.

ಇದು ಹಳೆಯ ರೋಗ. 1873ರಲ್ಲೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಫ್ರಾಟರ್ನಿಟಿ ಸೇರಲು ಹೋದ ಒಬ್ಬ ವಿದ್ಯಾರ್ಥಿ ರಾತ್ರಿಯ ಕತ್ತಲಲ್ಲಿ ಕಮರಿಗೆ ಬಿದ್ದು ಸತ್ತ.

ನಮ್ಮ ರ‍್ಯಾಗಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮಲ್ಲಿ ಹಾಸ್ಟೆಲ್ ಸೇರಿದವನ ಮೇಲೆ ರ‍್ಯಾಗಿಂಗ್ ತಾನಾಗಿ ಬಂದು ಬೀಳುತ್ತದೆ. ಅಮೆರಿಕದಲ್ಲಿ ಹುಡುಗ ತಾನೇ ಆ ಗುಂಪಿಗೆ ಸೇರಬೇಕೆಂದು ಹೋಗುತ್ತಾನೆ. ಹಾಗಾಗಿ ಅವನು ದೂರು ಕೊಡುವುದು ಇನ್ನೂ ಕಷ್ಟ. ಇನ್ನೊಂದು ದೊಡ್ಡ ವ್ಯತ್ಯಾಸ ಮದ್ಯ. ಅಮೆರಿಕದ ಹೇಜಿಂಗ್ ಸಾವುಗಳಲ್ಲಿ ಮತ್ತೆ ಮತ್ತೆ ಕಾಣಿಸುವುದು ಅದೇ.

ದೇಹಕ್ಕೆ ಆಗುವ ಹಾನಿಯಲ್ಲಿ ಮಾತ್ರ ಅಂತಹ ವ್ಯತ್ಯಾಸ ಏನಿಲ್ಲ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ಮೆಡಿಕಲ್ ಕಾಲೇಜಿನಲ್ಲಿ ಅಮನ್ ಕಾಚ್ರು ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಬಲಿಯಾದ. ಯುಜಿಸಿ ರ‍್ಯಾಗಿಂಗ್ ತಡೆ ನಿಯಮಗಳು ಬಂದದ್ದು ಅದೇ ವರ್ಷ. 2016ರಲ್ಲಿ ಕಲಬುರಗಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಕೇರಳದ ಹುಡುಗಿಯೊಬ್ಬಳಿಗೆ ಹಿರಿಯರು ಶೌಚಾಲಯ ತೊಳೆಯುವ ದ್ರವ ಕುಡಿಸಿದರು ಎಂಬ ದೂರು ಬಂತು. ಅನ್ನನಾಳ ಸುಟ್ಟುಹೋಗಿದ್ದ ಅವಳು ಕೋಝಿಕ್ಕೋಡ್‌ನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತು. ಹಾಗಾಗಿ ಇದನ್ನು ಬರೀ ಅಮೆರಿಕದ ಹುಚ್ಚು ಎಂದು ತಳ್ಳಿಹಾಕಬೇಡಿ.

ಇದು ನಿಜವಾಗಿ ಎಷ್ಟು ನಡೆಯುತ್ತದೆ? ಎಲ್ಲೋ ಒಂದೆರಡು ಕಡೆ ಅಲ್ವಾ?

ಅಲ್ಲ. 2008ರಲ್ಲಿ ಮೇಯ್ನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 53 ಕಾಲೇಜುಗಳ 11 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ ವರದಿ ಕೊಟ್ಟರು. ಸಂಘ, ಕ್ಲಬ್, ಕ್ರೀಡಾ ತಂಡಗಳಲ್ಲಿದ್ದವರಲ್ಲಿ 55 ಶೇಕಡ ಮಂದಿಗೆ ಒಂದಲ್ಲ ಒಂದು ಬಗೆಯ ಹೇಜಿಂಗ್ ಅನುಭವ ಆಗಿತ್ತು. ತಮಗೆ ಆದದ್ದು ಹೇಜಿಂಗ್ ಎಂದು ಗುರುತಿಸಿದವರಲ್ಲಿ 95 ಶೇಕಡ ಮಂದಿ ಕಾಲೇಜಿಗೆ ದೂರು ಕೊಟ್ಟಿರಲಿಲ್ಲ. ಈ ಸಾವುಗಳ ಲೆಕ್ಕವನ್ನು ದಶಕಗಳಿಂದ ಇಟ್ಟುಕೊಂಡು ಬಂದ ಪತ್ರಕರ್ತ ಹ್ಯಾಂಕ್ ನ್ಯೂವರ್ ಅವರ ಪಟ್ಟಿ ನೋಡಿದರೆ, 1959ರಿಂದ 2021ರವರೆಗೆ ವರ್ಷಕ್ಕೆ ಕನಿಷ್ಠ ಒಂದಾದರೂ ಸಾವು ಸಂಭವಿಸಿದೆ.

ಕುಡಿದು ಸಾಯುವುದು ಹೇಗೆ? ವಾಂತಿ ಆದರೆ ಹೊರಗೆ ಬರುತ್ತದಲ್ಲ?

ಅಮೆರಿಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ ಆಲ್ಕೋಹಾಲ್. ಲಿವರ್ ಗಂಟೆಗೆ ಹೆಚ್ಚುಕಡಿಮೆ ಅಷ್ಟನ್ನೇ ಕರಗಿಸಬಲ್ಲದು. ಎಷ್ಟೇ ಗಟ್ಟಿಮುಟ್ಟಾದ ಹುಡುಗನಾದರೂ ಅದರ ವೇಗ ಜಾಸ್ತಿ ಬದಲಾಗುವುದಿಲ್ಲ. 750 ಮಿಲಿಲೀಟರಿನ ಒಂದು ಫುಲ್ ಬಾಟಲಿ ವಿಸ್ಕಿಯಲ್ಲಿ ಸುಮಾರು 17 ಡ್ರಿಂಕ್ ಇರುತ್ತದೆ. ನಮ್ಮ ಕಡೆಯ ಒಂದು ಕ್ವಾರ್ಟರ್‌ನಲ್ಲಿ ನಾಲ್ಕಕ್ಕಿಂತ ಜಾಸ್ತಿ. ಹೇಜಿಂಗ್‌ನಲ್ಲಿ ಇಡೀ ಬಾಟಲಿಯನ್ನು ಒಂದೆರಡು ಗಂಟೆಯೊಳಗೆ, ಕೆಲವೊಮ್ಮೆ ಅರ್ಧ ಗಂಟೆಯೊಳಗೆ ಮುಗಿಸಲು ಹೇಳುತ್ತಾರೆ. ಉಳಿದದ್ದೆಲ್ಲ ರಕ್ತದಲ್ಲೇ ನಿಲ್ಲುತ್ತದೆ.

100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಗ್ರಾಂ ಆಲ್ಕೋಹಾಲ್ ಇದೆ ಎಂದು ಅಳೆಯುತ್ತಾರೆ. ಭಾರತದಲ್ಲಿ ಅದು 0.03 ದಾಟಿದರೆ ಗಾಡಿ ಓಡಿಸುವಂತಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಆ ಮಿತಿ 0.08. 0.30 ದಾಟಿದರೆ ಎಚ್ಚರ ತಪ್ಪುವ ಸಂಭವ ಹೆಚ್ಚು. 0.40ರ ಆಸುಪಾಸಿನಲ್ಲಿ ಉಸಿರಾಟವೇ ನಿಲ್ಲಬಹುದು. 2017ರ ಸೆಪ್ಟೆಂಬರ್‌ನಲ್ಲಿ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಗ್ರೂವರ್ ಸತ್ತಾಗ ಅವನ ರಕ್ತದಲ್ಲಿ 0.495 ಇತ್ತು. ಅವನಿಗೆ ಹದಿನೆಂಟು ವರ್ಷ. ಫ್ರಾಟರ್ನಿಟಿ ಬಗ್ಗೆ ಪ್ರಶ್ನೆ ಕೇಳುವುದು, ಗ್ರೀಕ್ ಅಕ್ಷರಮಾಲೆ ಒಪ್ಪಿಸಲು ಹೇಳುವುದು, ತಪ್ಪಿದರೆ ಕಡು ಮದ್ಯ ಗುಟುಕರಿಸಲು ಹೇಳುವುದು. ಆ ರಾತ್ರಿಯ ಆಟ ಇಷ್ಟೇ. ಅದೇ ವರ್ಷದ ನವೆಂಬರ್‌ನಲ್ಲಿ ಫ್ಲಾರಿಡಾ ಸ್ಟೇಟ್‌ನಲ್ಲಿ ಆಂಡ್ರೂ ಕಾಫಿ ಸತ್ತ. ಅವನದು 0.447. ಅಂದು ಬಿಗ್ ಬ್ರದರ್ ನೈಟ್. ಹೊಸಬನಿಗೆ ಒಬ್ಬ ಹಿರಿಯನನ್ನು ಅಣ್ಣ ಎಂದು ಗೊತ್ತುಮಾಡುವ ರಾತ್ರಿ ಅದು. ಆ ಅಣ್ಣ ಒಂದು ಬಾಟಲಿ ಕೊಡುತ್ತಾನೆ, ತಮ್ಮ ಅದನ್ನು ಮುಗಿಸಬೇಕು. 2021ರಲ್ಲಿ ಒಹಾಯೊದ ಬೌಲಿಂಗ್ ಗ್ರೀನ್‌ನಲ್ಲಿ ಇದೇ ರೀತಿಯ ರಾತ್ರಿ ಇನ್ನೊಬ್ಬ ಹುಡುಗನನ್ನು ಕೊಂದಿತು. ಅದೇ ವರ್ಷ ವರ್ಜೀನಿಯಾದಲ್ಲಿ ಮತ್ತೊಬ್ಬ. ಇಷ್ಟು ಸಾವಾದ ಮೇಲೂ ಅದೇ ರಾತ್ರಿ, ಅದೇ ಬಾಟಲಿ. ನನಗೆ ಇದು ಅಪಘಾತ ಎನ್ನಿಸುವುದೇ ಇಲ್ಲ.

ಮದ್ಯ ಮೆದುಳನ್ನು ಹಂತ ಹಂತವಾಗಿ ಮಂಕು ಮಾಡುತ್ತದೆ. ಮೊದಲು ವಿವೇಚನೆ ಹೋಗುತ್ತದೆ, ಆಮೇಲೆ ನಡಿಗೆ ತಪ್ಪುತ್ತದೆ, ಆಮೇಲೆ ಎಚ್ಚರ. ಕೊನೆಗೆ ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಭಾಗಕ್ಕೂ ಮಂಪರು ಹತ್ತುತ್ತದೆ. ಇದರ ನಡುವೆ ಇನ್ನೊಂದು ಅಪಾಯವಿದೆ. ಗಂಟಲಿಗೆ ಏನಾದರೂ ಸಿಕ್ಕಿದರೆ ಕೆಮ್ಮಿ ಹೊರಹಾಕುವ ಶಕ್ತಿ ನಮಗೆ ಸಹಜವಾಗಿ ಇರುತ್ತದೆ. ವಿಪರೀತ ಕುಡಿದವನಲ್ಲಿ ಅದು ಕೆಲಸ ಮಾಡುವುದಿಲ್ಲ. ಅಂಗಾತ ಮಲಗಿದಾಗ ವಾಂತಿ ಬಂದರೆ ಅದು ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ನೀವು ನೆಚ್ಚಿಕೊಂಡ ವಾಂತಿಯೇ ಅವನನ್ನು ಕೊಲ್ಲಬಹುದು.

ಮಲಗಿಸಿದರೆ ಬೆಳಿಗ್ಗೆ ಅಮಲು ಇಳಿದಿರುತ್ತದೆ ಅಲ್ವಾ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಕುಡಿಯುವುದು ನಿಲ್ಲಿಸಿದ ಕೂಡಲೇ ರಕ್ತದಲ್ಲಿ ಮದ್ಯ ಏರುವುದು ನಿಲ್ಲುವುದಿಲ್ಲ. ಹೊಟ್ಟೆಯಲ್ಲಿ, ಕರುಳಿನಲ್ಲಿ ಇನ್ನೂ ಉಳಿದಿರುತ್ತದೆ. ಕೊನೆಯ ಗುಟುಕಿನ ನಂತರವೂ ಅದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಹತ್ತು ಗಂಟೆಗೆ ತೊದಲುತ್ತ ಸೋಫಾ ಮೇಲೆ ಮಲಗಿದವನ ಸ್ಥಿತಿ ಹನ್ನೊಂದಕ್ಕೆ ಇನ್ನೂ ಕೆಟ್ಟಿರಬಹುದು. ನೋಡುವವರಿಗೆ ಮಾತ್ರ ಅವನು ಸುಮ್ನೆ ನಿದ್ದೆ ಮಾಡುತ್ತಿದ್ದಾನೆ ಎನ್ನಿಸುತ್ತದೆ. ಗೊರಕೆ ಕೇಳಿಸಿದರೆ ಇನ್ನೂ ಧೈರ್ಯ ಬರುತ್ತದೆ. ಆದರೆ ಆ ಗೊರಗೊರ ಸದ್ದು ಗಂಟಲು ಅರ್ಧ ಮುಚ್ಚಿಕೊಂಡಿರುವುದರ ಗುರುತೂ ಆಗಿರಬಹುದು.

ಹೇಜಿಂಗ್ ಪ್ರಕರಣಗಳನ್ನು ಓದುತ್ತ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಹಲವು ಹುಡುಗರು ಸತ್ತದ್ದು ಕುಡಿಸಿದ ಕ್ಷಣದಲ್ಲಲ್ಲ. ಮಲಗಿಸಿದ ಮೇಲೆ, ಸುತ್ತ ಜನ ಇದ್ದಾಗಲೇ, ಯಾರೂ ಫೋನ್ ಎತ್ತದೆ ಕಳೆದ ಗಂಟೆಗಳಲ್ಲಿ. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ತಲುಪಿಸಿದರೆ ಮಾಡಬೇಕಾದದ್ದು ಬಹಳ ಸಲ ಸರಳ. ಉಸಿರಿನ ದಾರಿ ಕಾಯುವುದು, ಬೇಕಾದರೆ ಯಂತ್ರದಿಂದ ಉಸಿರು ಕೊಡುವುದು, ಡ್ರಿಪ್ ಹಾಕುವುದು, ಸಕ್ಕರೆ ಅಂಶ ನೋಡುವುದು, ಮೈ ಬೆಚ್ಚಗಿಡುವುದು. ಲಿವರ್‌ಗೆ ಬೇಕಾದ ಸಮಯವನ್ನು ಆಸ್ಪತ್ರೆ ಕೊಡುತ್ತದೆ. ಸೋಫಾ ಕೊಡುವುದಿಲ್ಲ.

ಇವುಗಳಲ್ಲಿ ಯಾವುದೇ ಒಂದು ಕಂಡರೂ ಕರೆ ಮಾಡಿ: ಕೂಗಿ, ಅಲುಗಾಡಿಸಿ, ಚಿವುಟಿದರೂ ಏಳುತ್ತಿಲ್ಲ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು. ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಅಂತರ. ತುಟಿ, ಉಗುರು ನೀಲಿ ಅಥವಾ ಬಿಳಿಚಿಕೊಂಡಿವೆ. ನಮ್ಮವರ ಮೈಬಣ್ಣದಲ್ಲಿ ಇದು ಬೇಗ ಗೊತ್ತಾಗುವುದಿಲ್ಲ, ಹಾಗಾಗಿ ತುಟಿಯ ಒಳಭಾಗ, ಉಗುರಿನ ಬುಡ ನೋಡಿ. ಮೈ ತಣ್ಣಗೆ, ಜಿಗುಟಾಗಿದೆ. ಎಚ್ಚರವಿಲ್ಲದೆ ವಾಂತಿ. ಫಿಟ್ಸ್. ಎಲ್ಲ ಲಕ್ಷಣಗಳೂ ಕಾಣಲಿ ಎಂದು ಕಾಯಬೇಡಿ.

ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರು ಸ್ನಾನ?

ಯಾವುದೂ ಬೇಡ. ಎಚ್ಚರ ಇಲ್ಲದವನ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಹೋಗಬಹುದು. ಕಾಫಿ ಮದ್ಯವನ್ನು ಕರಗಿಸುವುದಿಲ್ಲ. ಮದ್ಯದಿಂದ ಮೈಯ ಶಾಖ ಮೊದಲೇ ಸೋರಿಹೋಗುತ್ತಿರುತ್ತದೆ. ತಣ್ಣೀರು ಸುರಿದರೆ ಇನ್ನೂ ಅಪಾಯ, ಬಚ್ಚಲಲ್ಲಿ ಜಾರಿ ತಲೆ ಒಡೆದುಕೊಳ್ಳುವುದು ಬೇರೆ. ಬೆರಳು ಹಾಕಿ ವಾಂತಿ ಮಾಡಿಸುವುದೂ ತಪ್ಪು.

ಹಾಗಾದರೆ ಆಂಬುಲೆನ್ಸ್ ಬರುವವರೆಗೆ ಏನು ಮಾಡಬೇಕು?

ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ ಚಾಚಿರಲಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿರಲಿ, ಬಾಯಿ ನೆಲದ ಕಡೆಗಿರಲಿ. ಮೇಲೆ ಕಂಬಳಿ ಹೊದಿಸಿ. ಒಬ್ಬರು ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತಿರಬೇಕು. ಉಸಿರು ನಿಂತರೆ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಬರುತ್ತಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯೆ ಜೋರಾಗಿ, ವೇಗವಾಗಿ ಒತ್ತಲು ಶುರುಮಾಡಿ. 911ರಲ್ಲಿ ಮಾತಾಡುವವರು ಹೇಗೆ ಎಂದು ಹೇಳಿಕೊಡುತ್ತಾರೆ.

ಪಕ್ಕಕ್ಕೆ ಮಲಗಿಸಿ ಬಿಟ್ಟುಹೋಗುವುದು ಆರೈಕೆ ಅಲ್ಲ. ಆಂಬುಲೆನ್ಸ್‌ಗೆ ಕರೆ ಮಾಡಿದ ಮೇಲೆ ಮಾಡುವ ಕೆಲಸ ಇದು, ಕರೆಯ ಬದಲಿಗೆ ಅಲ್ಲ.

ಕುಡಿದವನು ಬಿದ್ದು ತಲೆಗೆ ಪೆಟ್ಟಾದರೆ?

ಅಮಲಿನ ಲಕ್ಷಣವೂ ಮೆದುಳಿನ ಪೆಟ್ಟಿನ ಲಕ್ಷಣವೂ ಹೆಚ್ಚುಕಡಿಮೆ ಒಂದೇ. ತೊದಲು, ವಾಂತಿ, ಮಂಪರು, ತೂರಾಟ. ಹೊರಗಿನಿಂದ ನೋಡಿ ಬೇರೆ ಮಾಡುವುದು ವೈದ್ಯರಿಗೂ ಆಗುವುದಿಲ್ಲ, ಅವರು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ತಲೆಬುರುಡೆಯೊಳಗೆ ರಕ್ತ ಸೋರಿದರೆ ಅದಕ್ಕೆ ಹೋಗಲು ಜಾಗವಿಲ್ಲ. ಅದು ಮೆದುಳನ್ನು ಒತ್ತುತ್ತದೆ. ಕೆಲವರು ಪೆಟ್ಟಾದ ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿಯೇ ಮಾತಾಡುತ್ತಾರೆ, ಗಂಟೆಗಳ ನಂತರ ಕುಸಿಯುತ್ತಾರೆ.

ಇದಕ್ಕೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಟಿಮೊಥಿ ಪಿಯಾಝಾನ ಸಾವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಅವನು ಸೇರಲು ಹೋದ ಫ್ರಾಟರ್ನಿಟಿಯ ಮನೆಯಲ್ಲಿ ಕ್ಯಾಮೆರಾಗಳಿದ್ದವು. ಹಾಗಾಗಿ ಏನಾಯಿತು ಎಂಬುದಕ್ಕೆ ದಾಖಲೆ ಇದೆ.

2017ರ ಫೆಬ್ರವರಿ 2ರ ರಾತ್ರಿ. ಹತ್ತೊಂಬತ್ತು ವರ್ಷದ ಅವನು ಬೀಟಾ ಥೀಟಾ ಪೈ ಫ್ರಾಟರ್ನಿಟಿಗೆ ಸೇರುವ ದಿನ. ಸಾಲಾಗಿ ನಿಲ್ಲಿಸಿ ಒಂದಾದ ಮೇಲೊಂದು ಕುಡಿಸಿದರು. 82 ನಿಮಿಷದಲ್ಲಿ 18 ಡ್ರಿಂಕ್. ರಾತ್ರಿ ಹನ್ನೊಂದರ ಒಳಗೆ ಅವನು ನೆಲಮಾಳಿಗೆಯ ಮೆಟ್ಟಿಲುಗಳಿಂದ ಕೆಳಗೆ ಬಿದ್ದ. ಎಚ್ಚರವಿಲ್ಲದ ಅವನನ್ನು ಹೊತ್ತು ತಂದು ಸೋಫಾ ಮೇಲೆ ಹಾಕಿದರು. ಮುಖದ ಮೇಲೆ ದ್ರವ ಸುರಿದರು, ಹೊಡೆದು ಎಬ್ಬಿಸಲು ನೋಡಿದರು. ಅಂಗಾತ ಹೊರಳಿ ವಾಂತಿ ಗಂಟಲಿಗೆ ಸಿಕ್ಕಬಾರದೆಂದು ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಕಟ್ಟಿದರು. ಅಂದರೆ ಅಪಾಯ ಇದೆ ಎಂದು ಅವರಿಗೆ ಗೊತ್ತಿತ್ತು. ಇವನಿಗೆ ಸಹಾಯ ಬೇಕು ಎಂದ ಒಬ್ಬ ಹುಡುಗನನ್ನು ಉಳಿದವರು ತಳ್ಳಿ ಸುಮ್ಮನಾಗಿಸಿದರು. ರಾತ್ರಿಯಿಡೀ ಅವನು ಎದ್ದು ಬಿದ್ದು ಮಾಡಿದ. 911ಕ್ಕೆ ಕರೆ ಹೋದದ್ದು ಮರುದಿನ ಬೆಳಿಗ್ಗೆ 10:48ಕ್ಕೆ. ಹತ್ತಿರ ಹತ್ತಿರ ಹನ್ನೆರಡು ಗಂಟೆ ಕಳೆದಿತ್ತು.

ಅವನ ತಲೆಬುರುಡೆ ಬಿರುಕು ಬಿಟ್ಟಿತ್ತು. ಗುಲ್ಮ, ಅಂದರೆ ಎಡ ಪಕ್ಕೆಲುಬಿನ ಕೆಳಗಿರುವ ಸ್ಪ್ಲೀನ್, ಹರಿದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಹರಿದ ಗುಲ್ಮವನ್ನು ಸರಿಯಾದ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದರೆ ಮನುಷ್ಯ ಬದುಕುತ್ತಾನೆ. ಗುಲ್ಮ ಇಲ್ಲದೆಯೇ ಬದುಕಿರುವವರು ಎಷ್ಟೋ ಮಂದಿ ಇದ್ದಾರೆ. ಅವನು ಫೆಬ್ರವರಿ 4ರಂದು ತೀರಿಕೊಂಡ.

ಒಳಗಿನ ರಕ್ತಸ್ರಾವ ಹೊರಗೆ ಕಾಣುವುದಿಲ್ಲ. ಮುಖ ಬಿಳಿಚುವುದು, ಮೈ ತಣ್ಣಗಾಗುವುದು, ನಾಡಿ ಓಡುವುದು, ಹೊಟ್ಟೆ ಗಟ್ಟಿಯಾಗುವುದು, ವಿನಾಕಾರಣ ಎಡ ಭುಜ ನೋಯುವುದು ಇದರ ಸೂಚನೆಗಳು. ಕುಡಿದವನು ಬಿದ್ದು ತಲೆಗೆ ಹೊಡೆತ ಬಿತ್ತು ಎಂದರೆ ಯೋಚನೆ ಬೇಡ, ಆಸ್ಪತ್ರೆಯೇ ಸರಿ. ಕುತ್ತಿಗೆಗೂ ಪೆಟ್ಟಾಗಿರಬಹುದು ಅನ್ನಿಸಿದರೆ ಎಳೆದಾಡಬೇಡಿ. ವಾಂತಿ ಬಂದಾಗ ಮಾತ್ರ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿ ಹಿಡಿದು ಹೊರಳಿಸಿ.

ಮದ್ಯ ಇಲ್ಲ, ಬರೀ ನೀರು ಕುಡಿಸಿದರು. ಅದರಿಂದೇನು?

ನೀರು ಕೊಲ್ಲುತ್ತದೆ. 2003ರಲ್ಲಿ ನ್ಯೂಯಾರ್ಕ್ ರಾಜ್ಯದ ಪ್ಲಾಟ್ಸ್‌ಬರ್ಗ್‌ನಲ್ಲಿ ಒಬ್ಬ, 2005ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಚೀಕೊದಲ್ಲಿ ಮ್ಯಾಥ್ಯೂ ಕ್ಯಾರಿಂಗ್ಟನ್ ಹೀಗೇ ಸತ್ತರು. ಕ್ಯಾರಿಂಗ್ಟನ್‌ನನ್ನು ತಣ್ಣನೆಯ ನೆಲಮಾಳಿಗೆಯಲ್ಲಿ ನಿಲ್ಲಿಸಿ, ಫ್ಯಾನ್ ಹಾಕಿ, ದಂಡ ಹೊಡೆಸುತ್ತ ಮತ್ತೆ ಮತ್ತೆ ನೀರು ಕುಡಿಸಿದರು. ಅವನಿಗೆ 21 ವರ್ಷ.

ರಕ್ತದಲ್ಲಿ ಸೋಡಿಯಂ ಪ್ರಮಾಣ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಆರೋಗ್ಯವಂತರ ಕಿಡ್ನಿ ಗಂಟೆಗೆ ಒಂದು ಲೀಟರಿನ ಆಸುಪಾಸು ನೀರನ್ನು ಹೊರಹಾಕಬಲ್ಲದು. ಭಯ, ನೋವು, ದೇಹದಂಡನೆ ಇದ್ದಾಗ ನೀರನ್ನು ಹಿಡಿದಿಡುವ ಹಾರ್ಮೋನು ಜಾಸ್ತಿಯಾಗುತ್ತದೆ, ಆಗ ಅಷ್ಟೂ ಹೊರಗೆ ಹೋಗುವುದಿಲ್ಲ. ಸೋಡಿಯಂ ತೆಳುವಾಗುತ್ತದೆ, ನೀರು ಮೆದುಳಿನ ಜೀವಕೋಶಗಳೊಳಗೆ ನುಗ್ಗುತ್ತದೆ, ಮೆದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಗೊಂದಲದ ಮಾತು, ಕೊನೆಗೆ ಫಿಟ್ಸ್. ಫಿಟ್ಸ್ ಬಂದಾಗ ಸುತ್ತಲಿದ್ದವರು ಸುಸ್ತಾಗಿ ಬಿದ್ದ ಎಂದುಕೊಳ್ಳುತ್ತಾರೆ.

ಚಿಕಿತ್ಸೆಗೆ ಬೇಕಾದದ್ದು ಗಟ್ಟಿ ಉಪ್ಪಿನಂಶದ ಡ್ರಿಪ್. ಅದನ್ನು ಆಸ್ಪತ್ರೆಯಲ್ಲಿ ಅಳೆದು ಕೊಡಬೇಕು. ಮನೆಯಲ್ಲಿ ಉಪ್ಪು ತಿನ್ನಿಸಿ ಸರಿ ಮಾಡಲು ಹೋಗಬೇಡಿ.

ಇದರ ತಿರುಗುಮುರುಗೂ ಉಂಟು. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಒಬ್ಬ ಪ್ಲೆಡ್ಜ್ ಸೋಯಾ ಸಾಸ್ ಕುಡಿದು, ಸೋಡಿಯಂ ವಿಪರೀತ ಏರಿ, ಆಸ್ಪತ್ರೆ ಸೇರಿದ.

ದಂಡ, ಬಸ್ಕಿ ಹೊಡೆಸಿದರೆ ಒಳ್ಳೆಯ ವ್ಯಾಯಾಮ ಅಲ್ವಾ?

ತಾನೇ ಮಾಡಿ, ಸಾಕೆನಿಸಿದಾಗ ನಿಲ್ಲಿಸುವುದು ವ್ಯಾಯಾಮ. ಬೇರೆಯವರು ನಿಲ್ಲಿಸಲು ಬಿಡದೆ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯುಗಳೇ ಒಡೆಯುತ್ತವೆ. ವೈದ್ಯರು ಇದಕ್ಕೆ ರ‍್ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ಒಡೆದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಬಿಡುಗಡೆಯಾಗಿ ಕಿಡ್ನಿಯ ಸಣ್ಣ ನಾಳಗಳನ್ನು ಕೆಡಿಸುತ್ತದೆ. ಪೊಟ್ಯಾಸಿಯಂ ಕೂಡ ಹೊರಬೀಳುತ್ತದೆ, ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ತೊಂದರೆ ಏನೆಂದರೆ ಇದು ಆ ರಾತ್ರಿಯೇ ಗೊತ್ತಾಗುವುದಿಲ್ಲ. ಒಂದೆರಡು ದಿನ ಬಿಟ್ಟು ತೊಡೆ, ತೋಳು ಊದಿಕೊಳ್ಳುತ್ತವೆ, ಮಾಮೂಲಿ ಮೈಕೈ ನೋವಿಗಿಂತ ತುಂಬ ಜಾಸ್ತಿ ನೋಯುತ್ತದೆ, ಮೂತ್ರ ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡ ದಿನವೇ ತುರ್ತು ವಿಭಾಗಕ್ಕೆ ಹೋಗಬೇಕು. ಸಿಕೆ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ಬೇಗ ಡ್ರಿಪ್ ಹಾಕಿದರೆ ಕಿಡ್ನಿ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ, ತಡವಾದರೆ ಡಯಾಲಿಸಿಸ್ ಬೇಕಾಗಬಹುದು. ಸ್ನಾಯು ನೋವಿಗೆಂದು ಸಿಕ್ಕಿದ ಐಬುಪ್ರೊಫೆನ್ ನುಂಗುವುದರಿಂದ ಕಿಡ್ನಿಗೆ ಇನ್ನಷ್ಟು ಪೆಟ್ಟು.

ಹಲಗೆಯಿಂದ ಹೊಡೆಯುತ್ತಾರಂತೆ. ಮಾಂಸದ ಜಾಗಕ್ಕೆ ಹೊಡೆದರೆ ಏನಾಗುತ್ತದೆ?

2011ರ ನವೆಂಬರ್‌ನಲ್ಲಿ ಫ್ಲಾರಿಡಾ ಎ ಅಂಡ್ ಎಂ ವಿಶ್ವವಿದ್ಯಾಲಯದ ಬ್ಯಾಂಡ್ ತಂಡದ ರಾಬರ್ಟ್ ಚಾಂಪಿಯನ್‌ನನ್ನು ನಿಂತ ಬಸ್ಸಿನೊಳಗೆ ಮುಂದಿನಿಂದ ಹಿಂದಿನವರೆಗೆ ನಡೆಸಿ, ಎರಡೂ ಕಡೆಯಿಂದ ಗುದ್ದಿದರು, ಒದ್ದರು. ಅವನು ಅಂದೇ ಸತ್ತ. ಫ್ರಾಟರ್ನಿಟಿ ಅಲ್ಲ, ಬ್ಯಾಂಡ್, ಆದರೆ ರೂಢಿ ಅದೇ. ಹೊಡೆತದಿಂದ ಚರ್ಮದ ಕೆಳಗಿನ ಮಾಂಸದಲ್ಲೇ ರಕ್ತ ಸೋರಿ ಆಘಾತವಾಗಿ ಸತ್ತನೆಂದು ಶವಪರೀಕ್ಷೆ ಹೇಳಿತು. ಮಾಂಸದ ಜಾಗವೇ ಲೀಟರುಗಟ್ಟಲೆ ರಕ್ತ ಹಿಡಿದಿಟ್ಟುಕೊಳ್ಳಬಲ್ಲದು. ಅಲ್ಲಿಗೆ ಹೊಡೆದರೆ ಅಪಾಯವಿಲ್ಲ ಎಂಬುದು ಸುಳ್ಳು.

ಮದ್ಯ, ಹೊಡೆತ ಬಿಟ್ಟು ಬೇರೆ ಏನಿದೆ?

ವಿಪ್ಪಿಟ್ಸ್ ಎಂದು ಕರೆಯುವ ಸಣ್ಣ ಡಬ್ಬಿಗಳ ನೈಟ್ರಸ್ ಆಕ್ಸೈಡ್ ಅನಿಲ. ಅದನ್ನು ಎಳೆದುಕೊಂಡಾಗ ಶ್ವಾಸಕೋಶದಲ್ಲಿ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸುತ್ತದೆ. 2018ರಲ್ಲಿ ಒಹಾಯೊ ವಿಶ್ವವಿದ್ಯಾಲಯದ ಕಾಲಿನ್ ವಯಂಟ್ ಹೀಗೆ ಉಸಿರುಗಟ್ಟಿ ಸತ್ತ. ಒಹಾಯೊದ 2021ರ ಹೇಜಿಂಗ್ ಕಾನೂನಿಗೆ ಅವನದೇ ಹೆಸರು.

ದಿನಗಟ್ಟಲೆ ನಿದ್ದೆ ಕೆಡಿಸುವುದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅದು ಫಿಟ್ಸ್ ಇರುವವರಿಗೆ ನೇರ ಅಪಾಯ. ಉಳಿದವರು ಆ ಮಂಪರಿನಲ್ಲೇ ಕಾರು ಓಡಿಸುತ್ತಾರೆ. ಇನ್ನು ಚಳಿಗಾಲದ ರಾತ್ರಿ ಅರೆಬಟ್ಟೆಯಲ್ಲಿ ಹೊರಗೆ ನಿಲ್ಲಿಸುವುದು. ಕುಡಿದವನಿಗೆ ಮೈ ಬಿಸಿ ಅನ್ನಿಸುತ್ತದೆ, ಒಳಗೆ ತಣ್ಣಗಾಗುತ್ತಿರುತ್ತಾನೆ.

ನನ್ನ ಮಗನಿಗೆ ಆಸ್ತಮಾ, ಸಕ್ಕರೆ ಕಾಯಿಲೆ ಇದೆ. ಅವನಿಗೆ ಅಪಾಯ ಹೆಚ್ಚೇ?

ಹೌದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮದ್ಯ ತುಂಬ ಅಪಾಯ. ಲಿವರ್ ಮದ್ಯ ಕರಗಿಸುವುದರಲ್ಲಿ ತೊಡಗಿದಾಗ ಸಕ್ಕರೆ ಬಿಡುಗಡೆ ಮಾಡುವುದಿಲ್ಲ. ರಾತ್ರಿ ಸಕ್ಕರೆ ಕುಸಿದರೆ ಅದೂ ಅಮಲಿನಂತೆಯೇ ಕಾಣುತ್ತದೆ. ಆತಂಕಕ್ಕೆ, ನಿದ್ದೆಗೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು ಮದ್ಯದ ಜೊತೆ ಸೇರಿದರೆ ಉಸಿರು ಇನ್ನೂ ಬೇಗ ಇಳಿಯುತ್ತದೆ. ಸಿಕಲ್ ಸೆಲ್ ಎಂಬ, ವಂಶದಿಂದ ಬರುವ ರಕ್ತದ ದೋಷದ ಅಂಶ ಇರುವವರಿಗೆ ವಿಪರೀತ ದೇಹದಂಡನೆ ಪ್ರಾಣಾಪಾಯ ತರಬಹುದು. ಕಡಲೆಕಾಯಿ ಅಲರ್ಜಿ ಇದ್ದ ಹುಡುಗನ ಮುಖಕ್ಕೆ ಪೀನಟ್ ಬಟರ್ ಬಳಿದ ಪ್ರಕರಣ ಮಿಶಿಗನ್‌ನಲ್ಲಿ ನಡೆದಿದೆ.

ಕಾಯಿಲೆ ಇದೆ ಎಂದು ರೂಮಿನಲ್ಲಿ ಜೊತೆಗಿರುವವನಿಗಾದರೂ ಗೊತ್ತಿರಲಿ. ಮುಚ್ಚಿಡುವ ವಿಷಯ ಅಲ್ಲ ಅದು.

ಬದುಕಿ ಉಳಿದರೆ ಎಲ್ಲ ಸರಿಹೋಗುತ್ತದೆಯೇ?

ಯಾವಾಗಲೂ ಅಲ್ಲ. 2021ರ ಅಕ್ಟೋಬರ್‌ನಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಮೊದಲ ವರ್ಷದ ಹುಡುಗನೊಬ್ಬನಿಗೆ ಒಂದು ಬಾಟಲಿ ವೋಡ್ಕಾ ಕುಡಿಸಿದರು. ರಕ್ತದಲ್ಲಿ 0.468. ಆಸ್ಪತ್ರೆಗೆ ಕಾರಿನಲ್ಲಿ ತಂದಾಗ ಹೃದಯ ನಿಂತಿತ್ತು. ವೈದ್ಯರು ಅವನನ್ನು ಬದುಕಿಸಿದರು. ಆದರೆ ಆಮ್ಲಜನಕವಿಲ್ಲದೆ ಮೆದುಳಿಗೆ ಹಾನಿಯಾಗಿ ಅವನಿಗೆ ನಡೆಯಲು, ಮಾತಾಡಲು ಆಗದಂತಾಯಿತು, ಕಣ್ಣೂ ಕಾಣದಂತಾಯಿತು. ಆರೈಕೆಯ ಹೊಣೆ ಅಪ್ಪ ಅಮ್ಮನ ಮೇಲೆ ಬಿತ್ತು.

ದೇಹಕ್ಕೆ ಏನೂ ಆಗದವರಲ್ಲೂ ಕೆಲವರಿಗೆ ತಿಂಗಳುಗಟ್ಟಲೆ ನಿದ್ದೆ ಬರುವುದಿಲ್ಲ, ಆ ರಾತ್ರಿ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ, ಸಾಯುವ ಯೋಚನೆ ಬರುತ್ತದೆ. ಅಮೆರಿಕದಲ್ಲಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಮಾತಾಡಬಹುದು. ಭಾರತದಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಕನ್ನಡದಲ್ಲೂ ಮಾತಾಡುತ್ತಾರೆ.

ನಮ್ಮ ಭಾರತದ ಮಕ್ಕಳದ್ದೇ ಫ್ರಾಟರ್ನಿಟಿ ಇದೆಯಂತೆ. ಅಲ್ಲಿ ಹೀಗೆಲ್ಲ ನಡೆಯುವುದಿಲ್ಲ ಅಲ್ವಾ?

1990ರ ದಶಕದ ಕೊನೆಯಿಂದ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿಗಳ ಫ್ರಾಟರ್ನಿಟಿಗಳು ಬೆಳೆದಿವೆ. ನಮ್ಮವರು ಇದ್ದಾರೆ ಎಂಬ ಧೈರ್ಯದಿಂದಲೇ ಅಪ್ಪ ಅಮ್ಮ ಒಪ್ಪುತ್ತಾರೆ. ಆ ಧೈರ್ಯ ಸಾಲದು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬರೂಕ್ ಕಾಲೇಜಿನ ಮೈಕಲ್ ಡೆಂಗ್ ಸತ್ತದ್ದು ಏಷ್ಯಾ ಮೂಲದವರ ಫ್ರಾಟರ್ನಿಟಿಯಲ್ಲೇ. ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವಿನ ಬಾಡಿಗೆ ಮನೆ. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಭಾರದ ಚೀಲ ಹೊರಿಸಿ, ಚಳಿಯಲ್ಲಿ ನಡೆಸಿ, ಮೈಮೇಲೆ ಬಿದ್ದು ಕೆಡವಿದರು. ಎಚ್ಚರ ತಪ್ಪಿದ ಮೇಲೆ ಆಂಬುಲೆನ್ಸ್ ಕರೆಯಲಿಲ್ಲ. ಬಟ್ಟೆ ಬದಲಿಸಿದರು, ಲಕ್ಷಣಗಳನ್ನು ಇಂಟರ್ನೆಟ್‌ನಲ್ಲಿ ಹುಡುಕಿದರು, ಬಹಳ ಹೊತ್ತಿನ ಮೇಲೆ ತಾವೇ ಕಾರಿನಲ್ಲಿ ಕರೆದೊಯ್ದರು. ಆ ಫ್ರಾಟರ್ನಿಟಿ ಹತ್ತು ವರ್ಷ ಪೆನ್ಸಿಲ್ವೇನಿಯಾದಲ್ಲಿ ಇರಬಾರದೆಂದು 2018ರಲ್ಲಿ ನ್ಯಾಯಾಲಯ ಆದೇಶಿಸಿತು.

ಅವನು ಒಪ್ಪಿಯೇ ಕುಡಿದ. ಯಾರ ತಪ್ಪು?

ಅನೇಕ ರಾಜ್ಯಗಳ ಕಾನೂನಿನಲ್ಲಿ ಒಪ್ಪಿದ್ದ ಎಂಬುದು ಹೇಜಿಂಗ್ ಮಾಡಿದವರಿಗೆ ರಕ್ಷಣೆ ಆಗುವುದಿಲ್ಲ. ನನ್ನ ದೃಷ್ಟಿಯಲ್ಲೂ ಆಗಬಾರದು. ಇಪ್ಪತ್ತು ಜನ ಸುತ್ತ ನಿಂತು ಕೂಗುವಾಗ, ಹೊಸ ಊರಿನಲ್ಲಿ ಬೇರೆ ಗೆಳೆಯರೇ ಇಲ್ಲದಾಗ, ಹದಿನೆಂಟು ವರ್ಷದವನು ಹೂಂ ಎನ್ನುವುದು ಒಪ್ಪಿಗೆ ಅಲ್ಲ.

ಕರೆ ಮಾಡಿದರೆ ಪೊಲೀಸರು ನಮ್ಮನ್ನೇ ಹಿಡಿಯುತ್ತಾರೆ. ನಮಗೆ 21 ಆಗಿಲ್ಲ.

ಈ ಭಯವೇ ಹುಡುಗರ ಕೈ ಕಟ್ಟುವುದು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ, ಜೀವ ಉಳಿಸಲು ಕರೆ ಮಾಡಿದವರ ಮೇಲೆ ವಯಸ್ಸಿಗೆ ಮುಂಚೆ ಕುಡಿದ ಕೇಸು ಹಾಕದಂತೆ ರಕ್ಷಣೆ ಇದೆ. ಮೇಲೆ ಹೇಳಿದ ಆಂಡ್ರೂ ಕಾಫಿಯ ಹೆಸರಿನ ಫ್ಲಾರಿಡಾದ 2019ರ ಆಂಡ್ರೂ ಕಾನೂನು ಇನ್ನೂ ಮುಂದೆ ಹೋಗಿ, ಹೇಜಿಂಗ್ ಪ್ರಕರಣದಲ್ಲೂ ಮೊದಲು ಕರೆ ಮಾಡಿ ಜೊತೆಗೇ ನಿಂತವರಿಗೆ ರಕ್ಷಣೆ ಕೊಡುತ್ತದೆ. ನಿಮ್ಮ ರಾಜ್ಯದ, ನಿಮ್ಮ ಕಾಲೇಜಿನ ನಿಯಮವನ್ನು ಈಗಲೇ ನೋಡಿಟ್ಟುಕೊಳ್ಳಿ. ವೀಸಾದ ಮೇಲೆ ಬಂದವರು ಆಮೇಲೆ ವಕೀಲರನ್ನೂ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನೂ ಕೇಳಿ. ಕರೆ ಮಾತ್ರ ಮೊದಲು. ಗೆಳೆಯ ಸತ್ತ ಮೇಲೆ ಬರುವ ಕೇಸಿನ ಮುಂದೆ ಕುಡಿದ ಕೇಸು ಏನೂ ಅಲ್ಲ.

ಸೇರುವ ಮುಂಚೆ ಆ ಸಂಘ ಎಂಥದ್ದೆಂದು ತಿಳಿಯುವುದು ಹೇಗೆ?

2024ರ ಡಿಸೆಂಬರ್‌ನಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಎಂಬ ಕಾನೂನು ಇಡೀ ಅಮೆರಿಕಕ್ಕೆ ಬಂತು. ಹೇಜಿಂಗ್ ನಿಯಮ ಮುರಿದ ಸಂಘಗಳ ವಿವರವನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಕಾಲೇಜಿನ ಹೆಸರಿನ ಜೊತೆ ಹೇಜಿಂಗ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್ ಎಂದು ಹುಡುಕಿ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಸಂಘ ಒಳ್ಳೆಯದು ಎಂದಲ್ಲ, ದೂರು ಬಂದಿಲ್ಲ ಅಷ್ಟೇ. ಅಮಾನತಾದ ಮೇಲೂ ಗುಟ್ಟಾಗಿ ನಡೆಯುವ ಸಂಘಗಳಿಂದಂತೂ ದೂರ ಇರುವುದು ಒಳ್ಳೆಯದು.

ದೂರದಲ್ಲಿರುವ ನಮಗೆ ಹೇಗೆ ಗೊತ್ತಾಗಬೇಕು?

ಫೋನ್ ಕಡಿಮೆಯಾಗುವುದು, ಯಾವಾಗಲೂ ನಿದ್ದೆಗಣ್ಣು, ಹೊತ್ತಲ್ಲದ ಹೊತ್ತಿನಲ್ಲಿ ಯಾರೋ ಕರೆದರೆಂದು ಓಡುವುದು, ಕಾರಣ ಹೇಳದ ಗಾಯ, ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸದಿರುವುದು, ಹೇಳುವಂತಿಲ್ಲ ಎಂಬ ಮಾತು. ಇವು ಕಂಡರೆ ಬೈಯಬೇಡಿ. ಬೈದರೆ ಮುಂದಿನ ಸಲ ಅವನು ನಿಮಗೆ ಫೋನ್ ಮಾಡುವುದಿಲ್ಲ. ಏನೇ ಆಗಿದ್ದರೂ ನಡುರಾತ್ರಿಯಲ್ಲೂ ಫೋನ್ ಮಾಡಬಹುದು ಎಂದು ಮೊದಲೇ ಹೇಳಿಡಿ. ಕುಡಿತದ ವಿಷಯ ಮನೆಯಲ್ಲಿ ಎತ್ತುವುದೇ ಬೇಡ ಎನ್ನುವ ನಮ್ಮ ಸಂಕೋಚ ಇಲ್ಲಿ ಮಕ್ಕಳಿಗೆ ಅಪಾಯ ತರುತ್ತದೆ.

ಹದಿನೆಂಟು ತುಂಬಿದವರ ಬಗ್ಗೆ ಆಸ್ಪತ್ರೆಯವರು ಅಪ್ಪ ಅಮ್ಮನಿಗೂ ಏನೂ ಹೇಳದಿರಬಹುದು. ಮಗನಿಗೆ ಎಚ್ಚರವಿಲ್ಲದಾಗ ಅವನ ಪರವಾಗಿ ಚಿಕಿತ್ಸೆಯ ನಿರ್ಧಾರ ಮಾಡಲು ನಿಮಗೆ ಅಧಿಕಾರ ಕೊಡುವ ಹೆಲ್ತ್ ಕೇರ್ ಪ್ರಾಕ್ಸಿ ಪತ್ರಕ್ಕೆ ಕಾಲೇಜಿಗೆ ಹೊರಡುವ ಮುಂಚೆಯೇ ಸಹಿ ಮಾಡಿಸಿ, ಅದರ ಚಿತ್ರ ಇಬ್ಬರ ಫೋನಿನಲ್ಲೂ ಇರಲಿ.

911ಕ್ಕೆ ಏನು ಹೇಳಬೇಕು? ಗಾಬರಿಯಲ್ಲಿ ಮಾತೇ ಹೊರಡುವುದಿಲ್ಲ.

ಮೊದಲು ವಿಳಾಸ. ಕರೆ ತುಂಡಾದರೂ ಅವರು ಬರಬಹುದು. ಎಚ್ಚರ ಇದೆಯೋ ಇಲ್ಲವೋ, ಉಸಿರಾಡುತ್ತಿದ್ದಾನೋ ಇಲ್ಲವೋ ಹೇಳಿ. ಏನು ಕುಡಿದ, ಎಷ್ಟು, ಎಷ್ಟು ಹೊತ್ತಿಗೆ ಕೊನೆಯದು, ಬೇರೆ ಮಾತ್ರೆ ನುಂಗಿದನೇ, ಬಿದ್ದನೇ, ಎಲ್ಲವನ್ನೂ ನಿಜ ಹೇಳಿ. ಬಿದ್ದದ್ದನ್ನು ಮುಚ್ಚಿಟ್ಟರೆ ತಲೆಯ ಸ್ಕ್ಯಾನ್ ತಡವಾಗಬಹುದು. ಬಾಟಲಿ ಎಸೆಯಬೇಡಿ, ಆಂಬುಲೆನ್ಸ್‌ನವರಿಗೆ ತೋರಿಸಿ. ಫೋನ್ ಸ್ಪೀಕರ್‌ನಲ್ಲಿ ಇಟ್ಟು, ಅವರು ಹೇಳುವವರೆಗೆ ಕರೆ ಕಟ್ ಮಾಡಬೇಡಿ. ಇನ್ನೊಬ್ಬರನ್ನು ಬಾಗಿಲ ಬಳಿ ನಿಲ್ಲಿಸಿ, ಮನೆಯ ಹೊರಗಿನ ದೀಪಗಳನ್ನೆಲ್ಲ ಹಾಕಿ. ಹಿರಿಯ ಸದಸ್ಯರು ಬೇಡ ಎಂದರೆ ಹೊರಗೆ ರಸ್ತೆಗೆ ಬಂದು ಕರೆ ಮಾಡಿ. ಯಾರ ಅನುಮತಿಯೂ ಬೇಕಿಲ್ಲ.